ಮೂವತ್ತೊಂಬತ್ತು ಶಿಲಿಂಗಿನ ಲೆಕ್ಕ

ಕಾರಣ ಕೇಳಿ ನೋಟಿಸ್ ಬಂದಾಗ ಅದಕ್ಕೆ ಉತ್ತರ ಬರೆಯಲು ಸರ್ಕಾರಿ ಕಚೇರಿಗಳಲ್ಲಿ ಒಂದು ಮಾಮೂಲಿ ಧಾಟಿಯಿದೆ. ಮೊದಲ ಪ್ಯಾರಾದಲ್ಲಿ ಆದ ತಪ್ಪನ್ನು ಒಪ್ಪಿಯೂ ಒಪ್ಪದಂತೆ ನಾಲ್ಕು ಮಾತು. ಆಮೇಲೆ ಮನೆಯ ತಾಪತ್ರಯ, ಹಾಸಿಗೆ ಹಿಡಿದ ತಾಯಿ, ಕಪ್ಪುಚುಕ್ಕೆಯಿಲ್ಲದ ಇಷ್ಟು ವರ್ಷಗಳ ಸೇವೆ. ಪತ್ರ ಇಂಗ್ಲಿಷಿನಲ್ಲಿದ್ದರೆ ಕೊನೆಯ ಸಾಲು ಬೀದರಿನಿಂದ ಚಾಮರಾಜನಗರದವರೆಗೆ ಹೆಚ್ಚುಕಡಿಮೆ ಒಂದೇ: ಮಾನ್ಯರು ದಯಮಾಡಿ ‘ಲೀನಿಯಂಟ್ ವ್ಯೂ’ ತೆಗೆದುಕೊಳ್ಳಬೇಕು. ನ್ಯಾಯಾಲಯದಲ್ಲಿ ಶಿಕ್ಷೆಯ ಪ್ರಮಾಣದ ಬಗ್ಗೆ ವಾದಿಸುವ ವಕೀಲರದೂ ಇದೇ ಪಲ್ಲವಿ. ಶಾಲೆಯಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಮರೆತವರ ಬಾಯಲ್ಲೂ ಈ ಒಂದು ಗುಣವಾಚಕ ಉಳಿದುಕೊಂಡಿದೆ. ಕಷ್ಟಕಾಲದಲ್ಲಿ ಕಲಿತ ಪದಗಳು ಸುಲಭಕ್ಕೆ ಮರೆಯುವುದಿಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗುವವರು ಇದನ್ನು ಬೇರೆ ದಾರಿಯಲ್ಲಿ ಕಲಿಯುತ್ತಾರೆ. ಪದಪಟ್ಟಿಯಲ್ಲಿ ‘ಲೀನಿಯಂಟ್’ ಎದುರಿಗೆ ‘ಸ್ಟ್ರಿಕ್ಟ್‌ನ ವಿರುದ್ಧಾರ್ಥಕ’ ಎಂದಿರುತ್ತದೆ. ಬಾಯಿಪಾಠ ಮಾಡಿ ಮುಂದಕ್ಕೆ ಹೋಗುತ್ತಾರೆ. ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆಗೆ ಅಷ್ಟು ಸಾಕು. ಸ್ವಂತ ವಾಕ್ಯ ಬರೆಯಲು ಹೊರಟಾಗ ಎಡವಟ್ಟಾಗುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಪೇಪರ್ ಓದುತ್ತಾ ಕೂತ ಮೇಲ್ವಿಚಾರಕರನ್ನು ಲೀನಿಯಂಟ್ ಎನ್ನಲು ಬರುವುದಿಲ್ಲ. ಅವರದು ಬರೀ ಉದಾಸೀನ, ಅದಕ್ಕೆ ಇಂಗ್ಲಿಷಿನಲ್ಲಿ ‘ಲ್ಯಾಕ್ಸ್’ ಎಂಬ ಬೇರೆಯೇ ಪದವಿದೆ. ಲೀನಿಯಂಟ್ ಎನಿಸಿಕೊಳ್ಳಬೇಕಾದರೆ ಆ ಮನುಷ್ಯನಿಗೆ ನಿಯಮ ಗೊತ್ತಿರಬೇಕು, ತಪ್ಪು ಕಣ್ಣಿಗೆ ಬಿದ್ದಿರಬೇಕು, ಶಿಕ್ಷಿಸುವ ಅಧಿಕಾರ ಕೈಯಲ್ಲಿರಬೇಕು. ಇಷ್ಟೆಲ್ಲ ಇದ್ದೂ ಕೈ ಹಗುರ ಮಾಡಿದರೆ ಆಗ ಈ ಪದ ಸಲ್ಲುತ್ತದೆ. ಹೆಡ್‌ಮಾಸ್ಟರರು ಹುಡುಗನ ಬಗ್ಗೆ ಲೀನಿಯಂಟ್ ಆಗಬಹುದು. ಹುಡುಗ ಹೆಡ್‌ಮಾಸ್ಟರರ ಬಗ್ಗೆ ಲೀನಿಯಂಟ್ ಆದ ಎಂದರೆ ನಗುತ್ತಾರೆ.

ಬಳಕೆಯ ವಿಷಯ ಹೆಚ್ಚೇನಿಲ್ಲ. ಉಚ್ಚಾರಣೆಯಲ್ಲಿ ಒತ್ತು ಮೊದಲ ‘ಲೀ’ ಮೇಲೆ. ನಮ್ಮಲ್ಲಿ ಹಲವರು ಹೇಳುವ ‘ಲೆನಿಯೆಂಟ್’ ನಿಘಂಟಿನಲ್ಲಿ ಸಿಗದು. ವ್ಯಕ್ತಿಗಳ ಬಗ್ಗೆ ಹೇಳುವಾಗ ‘ವಿತ್’ ಅಥವಾ ‘ಟುವರ್ಡ್ಸ್’ ಸೇರುತ್ತದೆ. ಮನುಷ್ಯರಷ್ಟೇ ಅಲ್ಲ, ಕಾನೂನು, ತೀರ್ಪು, ಅಂಕ ಕೊಡುವ ಕ್ರಮ ಎಲ್ಲವೂ ಲೀನಿಯಂಟ್ ಆಗಬಹುದು. ‘ಲೀನಿಯಂಟ್ ಸೆಂಟೆನ್ಸ್’ ಎಂದು ಓದಿ ಸರಳ ವಾಕ್ಯ ಎಂದುಕೊಳ್ಳಬಾರದು; ಅದು ಹಗುರ ಶಿಕ್ಷೆ.

ಇದರ ಮೂಲ ಲ್ಯಾಟಿನ್ನಿನ ‘ಲೇನಿಸ್’, ಅಂದರೆ ಮೆತ್ತಗಿನದು. 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಇದಕ್ಕೂ ನಿಯಮಗಳಿಗೂ ಸಂಬಂಧವೇ ಇರಲಿಲ್ಲ. ನೋವು ಶಮನ ಮಾಡುವ ಲೇಪ, ಉರಿ ತಣಿಸುವ ಮದ್ದು, ಇಂಥವಕ್ಕೆ ಲೀನಿಯಂಟ್ ಎನ್ನುತ್ತಿದ್ದರು. ವೈದ್ಯರ ಮನೆಯಲ್ಲಿದ್ದ ಪದ ನ್ಯಾಯಾಧೀಶರ ಮನೆಗೆ ಕಾಲಿಟ್ಟದ್ದು 18ನೇ ಶತಮಾನದ ಕೊನೆಯ ಹೊತ್ತಿಗೆ. ಆ ಹೊತ್ತಿನ ಇಂಗ್ಲೆಂಡಿನಲ್ಲಿ ಉರಿ ತಣಿಸಬೇಕಾದ ಕಾನೂನುಗಳು ರಾಶಿ ಬಿದ್ದಿದ್ದವು.

ಎಂಥ ಕಾನೂನುಗಳು? ಗಲ್ಲುಶಿಕ್ಷೆ ವಿಧಿಸಬಹುದಾದ ಅಪರಾಧಗಳ ಪಟ್ಟಿ 19ನೇ ಶತಮಾನದ ಆರಂಭಕ್ಕೆ ಇನ್ನೂರನ್ನು ದಾಟಿತ್ತು. ಅಂಗಡಿಯಿಂದ ಐದು ಶಿಲಿಂಗ್ ಬೆಲೆಯ ಸಾಮಾನನ್ನು ಗುಟ್ಟಾಗಿ ಎತ್ತಿದರೆ ಗಲ್ಲು. ಕುರಿ ಕದ್ದರೆ ಗಲ್ಲು. 1713ರ ಕಾಯ್ದೆಯಂತೆ ಮನೆಯೊಳಗಿಂದ 40 ಶಿಲಿಂಗ್ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ವಸ್ತು ಕದ್ದರೂ ಗಲ್ಲು. ಕದ್ದ ಮಾಲಿನ ಬೆಲೆ ಎಷ್ಟೆಂದು ತೀರ್ಮಾನಿಸುವವರು ಮಾತ್ರ ಹನ್ನೆರಡು ಮಂದಿ ಜ್ಯೂರಿಗಳು. ಅವರೆಲ್ಲ ಊರಿನ ವರ್ತಕರು, ಕುಶಲಕರ್ಮಿಗಳು. ಯಾವುದಕ್ಕೆ ಎಷ್ಟು ಬೆಲೆ ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲವರು. ಅಂಥವರು ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ಕೂತು, ಮನೆಗೆಲಸದ ಹುಡುಗಿ ಕದ್ದ ಲೇಸು, ಬೆಳ್ಳಿಯ ಚಮಚ, ರೇಷ್ಮೆಯ ತಾನುಗಳಿಗೆಲ್ಲ ಒಂದೇ ಬೆಲೆ ಕಟ್ಟತೊಡಗಿದರು. ಮೂವತ್ತೊಂಬತ್ತು ಶಿಲಿಂಗ್.

ಕಳವಾದದ್ದು ನಗದು ನಾಣ್ಯವೇ ಆಗಿ, ಎಣಿಸಿದರೆ ಮೊತ್ತ ನಲವತ್ತನ್ನು ಮೀರಿದ ಪ್ರಕರಣಗಳಲ್ಲೂ ಜ್ಯೂರಿಗಳು ಮೂವತ್ತೊಂಬತ್ತೇ ಎಂದದ್ದುಂಟು. ಶಿಲಿಂಗಿಗೆ ಶಿಲಿಂಗೇ ಬೆಲೆ ಎಂಬುದು ಅವರಿಗೆ ಗೊತ್ತಿರಲಿಲ್ಲವೆಂದು ಯಾರೂ ಹೇಳಲಾರರು. ಇಂಗ್ಲಿಷ್ ಕಾನೂನಿಗೆ ವ್ಯಾಖ್ಯಾನ ಬರೆದ ವಿಲಿಯಂ ಬ್ಲ್ಯಾಕ್‌ಸ್ಟನ್ 1760ರ ದಶಕದಲ್ಲಿ ಇಂಥ ತೀರ್ಪುಗಳಿಗೆ ಒಂದು ಹೆಸರಿಟ್ಟ. ಕನ್ನಡದಲ್ಲಿ ಹೇಳುವುದಾದರೆ, ಪುಣ್ಯದ ಸುಳ್ಳು. ಮುಂದೆ 1827ರಲ್ಲಿ ಪಾರ್ಲಿಮೆಂಟು ನಲವತ್ತು ಶಿಲಿಂಗಿನ ಮಿತಿಯನ್ನು ಐದು ಪೌಂಡಿಗೆ ಏರಿಸಿತು. ಜ್ಯೂರಿಗಳೂ ಏರಿಸಿದರು. ಅಲ್ಲಿಯವರೆಗೆ 39 ಶಿಲಿಂಗ್ ಇದ್ದ ಮಾಲು ಅಲ್ಲಿಂದಾಚೆಗೆ 4 ಪೌಂಡ್ 19 ಶಿಲಿಂಗ್ ಆಯಿತು!

ಜ್ಯೂರಿಗಳಿಗಿಂತ ಹಳೆಯದು ಇನ್ನೊಂದು ಉಪಾಯ. ಮಧ್ಯಯುಗದಲ್ಲಿ ಪಾದ್ರಿಗಳನ್ನು ರಾಜನ ನ್ಯಾಯಾಲಯ ಗಲ್ಲಿಗೇರಿಸುವಂತಿರಲಿಲ್ಲ, ಅವರ ವಿಚಾರಣೆ ಚರ್ಚಿನದು. ಪಾದ್ರಿ ಹೌದೋ ಅಲ್ಲವೋ ಎಂದು ಗುರುತಿಸುವುದು ಹೇಗೆ? ಓದಲು ಬಂದರೆ ಪಾದ್ರಿ. ಆರೋಪಿಯ ಕೈಗೆ ಬೈಬಲ್ ಕೊಟ್ಟು ಓದಿಸುತ್ತಿದ್ದರು, ಸಾಮಾನ್ಯವಾಗಿ 51ನೇ ಕೀರ್ತನೆಯ ಆರಂಭವನ್ನು. ಯಾವ ಸಾಲು ಬರುತ್ತದೆಂದು ಮೊದಲೇ ಗೊತ್ತಿದ್ದ ಕಳ್ಳಕಾಕರು, ಅಕ್ಷರವೇ ಬಾರದವರು ಕೂಡ, ಅದನ್ನು ಉರು ಹೊಡೆದುಕೊಂಡು ಬರುತ್ತಿದ್ದರು. ಕೊರಳು ಉಳಿಸುವ ಆ ಸಾಲಿಗೆ ‘ಕುತ್ತಿಗೆಯ ವಚನ’ ಎಂದೇ ಹೆಸರು. ನಾಟಕಕಾರ ಬೆನ್ ಜಾನ್ಸನ್ 1598ರಲ್ಲಿ ದ್ವಂದ್ವಯುದ್ಧದಲ್ಲಿ ಗೇಬ್ರಿಯಲ್ ಸ್ಪೆನ್ಸರ್ ಎಂಬ ನಟನನ್ನು ಕೊಂದು ಈ ದಾರಿಯಲ್ಲೇ ಪಾರಾದ. ಹೆಬ್ಬೆರಳಿಗೆ ಬರೆ ಹಾಕಿಸಿಕೊಂಡು ಹೊರಬಂದ ಅಷ್ಟೇ. ಆ ಬರೆ ಯಾಕೆಂದರೆ, ಪಾದ್ರಿಯಲ್ಲದವನಿಗೆ ಈ ಸವಲತ್ತು ಎರಡನೇ ಸಲ ಸಿಗಬಾರದು. ರಿಯಾಯಿತಿ ಕೊಟ್ಟದ್ದಕ್ಕೆ ರಸೀದಿ ಎನ್ನಬಹುದು. ಓದಿಸುವ ಪರೀಕ್ಷೆ 18ನೇ ಶತಮಾನದ ಮೊದಲ ದಶಕದಲ್ಲಿ ನಿಂತಿತು, ಇಡೀ ಪದ್ಧತಿ 1827ರಲ್ಲಿ ರದ್ದಾಯಿತು.

ಇದನ್ನೆಲ್ಲ ಓದುವಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಕಾನೂನು ಬಿಗಿಯಾದಷ್ಟೂ ಸಡಿಲಿಕೆ ಕಡಿಮೆಯಾಗುತ್ತದೆ ಎಂಬುದು ಶಾಸನ ಮಾಡುವವರ ನಂಬಿಕೆ. ಆದದ್ದು ಬೇರೆ. ಪುಸ್ತಕದಲ್ಲಿ ಜಾಗ ಸಿಗದ ಸಡಿಲಿಕೆ ಕಾನೂನನ್ನು ಜಾರಿ ಮಾಡುವವರ ಕೈಗೆ ಸರಿದುಕೊಂಡಿತು. ಅಲ್ಲಿ ಅದಕ್ಕೆ ಲೆಕ್ಕವಿಲ್ಲ, ಕಾರಣ ಬರೆಯುವ ಗೋಜಿಲ್ಲ. ಒಬ್ಬ ಹುಡುಗಿಗೆ ಮೂವತ್ತೊಂಬತ್ತು ಶಿಲಿಂಗಿನ ಕರುಣೆ ಸಿಕ್ಕಿತು, ಮರುದಿನ ಅದೇ ಕಟಕಟೆಯಲ್ಲಿ ನಿಂತ ಇನ್ನೊಬ್ಬಳಿಗೆ ಸಿಗದೇ ಹೋಗಬಹುದಿತ್ತು.

ಇದರಿಂದ ನಷ್ಟ ಅನುಭವಿಸಿದವರೇ ಕೊನೆಗೆ ಬಾಯಿಬಿಟ್ಟರು. ಖೋಟಾ ನೋಟು, ಖೋಟಾ ಸಹಿಗೆ ಗಲ್ಲು ಇದ್ದ ಕಾಲದಲ್ಲಿ ಬ್ಯಾಂಕಿನವರು ಹಿಡಿದು ತಂದ ಆರೋಪಿಗಳನ್ನು ಜ್ಯೂರಿಗಳು ಬಿಟ್ಟುಕಳಿಸುತ್ತಿದ್ದರು. ಸಹಿ ನಕಲು ಮಾಡಿದ್ದಕ್ಕೆ ಜೀವ ತೆಗೆಯಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ. 1830ರಲ್ಲಿ ಇನ್ನೂರಕ್ಕೂ ಹೆಚ್ಚು ಊರುಗಳ ಬ್ಯಾಂಕ್ ಮಾಲೀಕರು ಪಾರ್ಲಿಮೆಂಟಿಗೆ ಅರ್ಜಿ ಹಾಕಿದರು: ದಯವಿಟ್ಟು ಈ ಅಪರಾಧಕ್ಕೆ ಮರಣದಂಡನೆ ತೆಗೆಯಿರಿ, ಅದಿರುವುದರಿಂದ ನಮ್ಮ ಆಸ್ತಿಗೆ ರಕ್ಷಣೆಯೇ ಇಲ್ಲವಾಗಿದೆ. ಇದಕ್ಕೆ ಇಪ್ಪತ್ತು ವರ್ಷ ಮೊದಲು, ಐದು ಶಿಲಿಂಗಿನ ಅಂಗಡಿ ಕಳವಿಗೆ ಗಲ್ಲು ಬೇಡವೆಂದು ಸಂಸದ ಸ್ಯಾಮ್ಯುಯಲ್ ರೊಮಿಲಿ ತಂದ ಮಸೂದೆಯನ್ನು ಮೇಲ್ಮನೆ ತಳ್ಳಿಹಾಕಿತ್ತು; ವಿರುದ್ಧ ಮತ ಹಾಕಿದವರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಸೇರಿ ಏಳು ಮಂದಿ ಧರ್ಮಾಧಿಕಾರಿಗಳಿದ್ದರು. ಬಿಷಪ್ಪರಿಗೆ ಹೊಳೆಯದ್ದು ಬಡ್ಡಿ ಲೆಕ್ಕ ಹಾಕುವವರಿಗೆ ಹೊಳೆಯಿತು.

ನ್ಯಾಯಾಧೀಶರು ಜ್ಯೂರಿಗಳ ಹಾಗೆ ಸುಳ್ಳು ಬೆಲೆ ಕಟ್ಟುವಂತಿರಲಿಲ್ಲ. ಅವರು ಹಿಡಿದದ್ದು ವ್ಯಾಕರಣದ ದಾರಿ. 1741ರಲ್ಲಿ ‘ಕುರಿ ಅಥವಾ ಇತರ ಜಾನುವಾರು’ ಕದ್ದವರಿಗೆ ಗಲ್ಲು ಎಂಬ ಕಾಯ್ದೆ ಬಂತು. ‘ಇತರ ಜಾನುವಾರು’ ಎಂಬುದು ತೀರಾ ಅಸ್ಪಷ್ಟ, ಅಷ್ಟು ಸಡಿಲ ಪದ ನಂಬಿ ಜೀವ ತೆಗೆಯಲಾಗದು ಎಂದ ನ್ಯಾಯಾಲಯ ಕಾಯ್ದೆಯನ್ನು ಕುರಿಗಷ್ಟೇ ಸೀಮಿತಗೊಳಿಸಿತು. ಪಾರ್ಲಿಮೆಂಟು ಸೋಲಲಿಲ್ಲ. ಮುಂದಿನ ಅಧಿವೇಶನದಲ್ಲೇ ಹೋರಿ, ಹಸು, ಎತ್ತು, ಕಡಸು, ಕರು, ಕುರಿಮರಿ ಎಂದು ಒಂದೊಂದರ ಹೆಸರು ಹಿಡಿದು ಮತ್ತೊಂದು ಕಾಯ್ದೆ ಮಾಡಿತು. ಕೊಟ್ಟಿಗೆಯಲ್ಲಿ ನಿಂತು ತಲೆ ಎಣಿಸಿದಂತೆ ಕಾಣುವ ಆ ಶಾಸನವನ್ನು ಬ್ಲ್ಯಾಕ್‌ಸ್ಟನ್ ತನ್ನ ಪುಸ್ತಕದಲ್ಲಿ ಗಂಭೀರವಾಗಿಯೇ ದಾಖಲಿಸಿದ್ದಾನೆ.

ದಂಡನೆಯ ಕಾನೂನು ಎರಡರ್ಥಕ್ಕೆ ಎಡೆಕೊಟ್ಟರೆ ಆರೋಪಿಗೆ ಅನುಕೂಲವಾದ ಅರ್ಥವನ್ನೇ ಹಿಡಿಯಬೇಕು ಎಂಬ ಈ ಪದ್ಧತಿಗೆ ಅಮೆರಿಕದ ನ್ಯಾಯಾಲಯಗಳಲ್ಲಿ ‘ರೂಲ್ ಆಫ್ ಲೆನಿಟಿ’ ಎಂದು ಹೆಸರು. ಲೀನಿಯಂಟ್‌ನ ದಾಯಾದಿ ಪದವೇ ಇದು. 1820ರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಬರೆದ ವಿಲ್ಟ್‌ಬರ್ಗರ್ ಪ್ರಕರಣದ ತೀರ್ಪಿನಿಂದ ಅಲ್ಲಿ ಅದು ಬೇರೂರಿದೆ. ಮಾರ್ಷಲರ ವಾದ ದಯೆಯ ಮೇಲಷ್ಟೇ ನಿಂತಿರಲಿಲ್ಲ. ಯಾವುದು ಅಪರಾಧ ಎಂದು ಹೇಳುವುದು ಶಾಸಕಾಂಗದ ಕೆಲಸ, ಅದನ್ನು ನ್ಯಾಯಾಲಯ ಹಿಗ್ಗಿಸಬಾರದು ಎಂಬುದೂ ಅದರಲ್ಲಿತ್ತು.

ಈಚಿನ ಕಾಲದಲ್ಲಿ ಈ ನಿಯಮದ ಹೆಸರು ಕೇಳಿಬಂದ ಸ್ವಾರಸ್ಯದ ಮೊಕದ್ದಮೆ ಮೀನಿನದು. 2007ರ ಆಗಸ್ಟ್‌ನಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ‘ಮಿಸ್ ಕೇಟಿ’ ಎಂಬ ದೋಣಿಯನ್ನು ಮೀನುಗಾರಿಕೆ ಅಧಿಕಾರಿಯೊಬ್ಬರು ತಪಾಸಣೆ ಮಾಡಿದರು. ರೆಡ್ ಗ್ರೂಪರ್ ಮೀನು ಕನಿಷ್ಠ 20 ಅಂಗುಲ ಇರಬೇಕೆಂಬುದು ಆಗಿನ ನಿಯಮ. ದೋಣಿಯಲ್ಲಿ 72 ಮೀನು ಅದಕ್ಕಿಂತ ಚಿಕ್ಕವು. ಅವನ್ನು ಬೇರೆ ಇಟ್ಟು ದಡಕ್ಕೆ ತನ್ನಿ ಎಂದು ಹೇಳಿ ಅಧಿಕಾರಿ ಹೋದರು. ದಡದಲ್ಲಿ ಮತ್ತೆ ಅಳೆದಾಗ ಇದ್ದವು 69, ಅವುಗಳ ಅಳತೆಯೂ ಮೊದಲಿನಂತಿರಲಿಲ್ಲ. ಚಿಕ್ಕವನ್ನು ನೀರಿಗೆ ಎಸೆದು ಬೇರೆ ತುಂಬಿಸಲು ದೋಣಿಯ ಕ್ಯಾಪ್ಟನ್ ಜಾನ್ ಯೇಟ್ಸ್ ಹೇಳಿದನೆಂದು ಆಳೊಬ್ಬ ಒಪ್ಪಿಕೊಂಡ. ಸರ್ಕಾರ ಯೇಟ್ಸ್ ಮೇಲೆ ಹಾಕಿದ ಕೇಸುಗಳಲ್ಲೊಂದು 2002ರ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆಯಡಿ. ಎನ್‌ರಾನ್ ಕಂಪನಿಯ ಹಗರಣದ ನಂತರ, ಲೆಕ್ಕಪತ್ರ ನಾಶ ಮಾಡುವ ಕಂಪನಿಗಳಿಗೆಂದು ಮಾಡಿದ ಕಾಯ್ದೆ ಅದು, ಗರಿಷ್ಠ ಶಿಕ್ಷೆ 20 ವರ್ಷ. ದಾಖಲೆ, ಕಡತ ಅಥವಾ ‘ಮುಟ್ಟಬಹುದಾದ ವಸ್ತು’ವನ್ನು ನಾಶ ಮಾಡಿದರೆ ಅಪರಾಧ ಎಂದು ಅದರಲ್ಲಿತ್ತು. ಮೀನನ್ನು ಮುಟ್ಟಬಹುದಲ್ಲ!

ಯೇಟ್ಸ್‌ಗೆ ಆದದ್ದು 30 ದಿನಗಳ ಸಜೆ. ಆದರೂ ಆತ ಸುಪ್ರೀಂ ಕೋರ್ಟಿನವರೆಗೆ ಹೋದ. 2015ರಲ್ಲಿ ಐದಕ್ಕೆ ನಾಲ್ಕು ಮತಗಳಿಂದ ಗೆದ್ದ. ಈ ಕಾಯ್ದೆಯ ಮಟ್ಟಿಗೆ ‘ವಸ್ತು’ ಎಂದರೆ ಮಾಹಿತಿ ದಾಖಲಿಸಲು ಬಳಸುವ ವಸ್ತು, ಮೀನಲ್ಲ ಎಂದರು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್. ಅನುಮಾನ ಉಳಿದಿದ್ದರೆ ಲೆನಿಟಿ ನಿಯಮ ಇದ್ದೇ ಇದೆ ಎಂದೂ ಸೇರಿಸಿದರು. ಭಿನ್ನಮತ ಬರೆದ ಎಲಿನಾ ಕೇಗನ್, ಮೀನು ಮುಟ್ಟಬಹುದಾದ ವಸ್ತುವೇ ಎಂಬುದಕ್ಕೆ ಡಾಕ್ಟರ್ ಸೂಸ್‌ನ ಮಕ್ಕಳ ಪುಸ್ತಕವನ್ನು ಉಲ್ಲೇಖಿಸಿದರು. ನ್ಯಾಯಶಾಸ್ತ್ರದ ಪಠ್ಯಗಳಲ್ಲಿ ಇಷ್ಟು ನಗು ಅಪರೂಪ.

ಭಾರತದಲ್ಲೂ ಈ ತತ್ವ ಹಳೆಯದೇ. 1954ರ ತೋಲಾರಾಂ ರೇಲುಮಲ್ ಪ್ರಕರಣದಲ್ಲಿ, ಬಾಡಿಗೆದಾರನಿಂದ ಪಗಡಿ ಹಣ ಪಡೆದ ಆರೋಪದ ವಿಷಯದಲ್ಲಿ, ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಆದರೆ ತೆರಿಗೆ ವಿನಾಯಿತಿಯ ಅಧಿಸೂಚನೆಗೆ ಈ ಔದಾರ್ಯವಿಲ್ಲ. ವಿನಾಯಿತಿಯ ಭಾಷೆಯಲ್ಲಿ ಗೊಂದಲವಿದ್ದರೆ ಲಾಭ ಸರ್ಕಾರದ ಬೊಕ್ಕಸಕ್ಕೆ ಎಂದು 2018ರ ದಿಲೀಪ್ ಕುಮಾರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಜೈಲಿನ ವಿಷಯಕ್ಕೆ ಒಂದು ತಕ್ಕಡಿ, ಸುಂಕದ ವಿಷಯಕ್ಕೆ ಇನ್ನೊಂದು.

ಕದ್ದುಮುಚ್ಚಿ ನಡೆಯುತ್ತಿದ್ದ ಕರುಣೆಯನ್ನು ಕಾನೂನಿನ ಪುಸ್ತಕದೊಳಕ್ಕೆ ತಂದು ಕೂರಿಸಿದ ಕೆಲಸದ ಮೂಲಪುರುಷ ವಕೀಲನಲ್ಲ, ಬಾಸ್ಟನ್ನಿನ ಒಬ್ಬ ಬೂಟು ತಯಾರಕ. ಜಾನ್ ಅಗಸ್ಟಸ್ ಎಂದು ಹೆಸರು. 1841ರ ಆಗಸ್ಟ್‌ನ ಒಂದು ಬೆಳಿಗ್ಗೆ ಪೊಲೀಸ್ ಕೋರ್ಟಿನಲ್ಲಿ ಕೂತಿದ್ದಾಗ ಚಿಂದಿ ಬಟ್ಟೆಯ ಕುಡುಕನೊಬ್ಬನನ್ನು ಎಳೆದು ತಂದರು. ತಿದ್ದುಮನೆಗೆ ಕಳಿಸದಿದ್ದರೆ ಇನ್ನೆಂದೂ ಕುಡಿಯುವುದಿಲ್ಲ ಎಂದು ಅವನು ಅಂಗಲಾಚಿದ. ಅಗಸ್ಟಸ್ ಜಾಮೀನು ನಿಂತು ಅವನನ್ನು ಬಿಡಿಸಿಕೊಂಡ. ಮೂರು ವಾರ ಬಿಟ್ಟು ಇಬ್ಬರೂ ಕೋರ್ಟಿಗೆ ಬಂದಾಗ ಆ ಮನುಷ್ಯನ ಗುರುತೇ ಸಿಗುವಂತಿರಲಿಲ್ಲ. ನ್ಯಾಯಾಧೀಶರು ಜೈಲಿನ ಬದಲು ಒಂದು ಸೆಂಟ್ ದಂಡ ಹಾಕಿದರು. ಕೋರ್ಟು ಖರ್ಚು ಸೇರಿ ಒಟ್ಟು 3 ಡಾಲರ್ 76 ಸೆಂಟ್. 1859ರಲ್ಲಿ ಸಾಯುವ ಹೊತ್ತಿಗೆ ಅಗಸ್ಟಸ್ ಸುಮಾರು ಎರಡು ಸಾವಿರ ಜನರಿಗೆ ಹೀಗೆ ಜಾಮೀನಾಗಿದ್ದ. 1878ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಅವನ ಪದ್ಧತಿಯನ್ನೇ ಕಾಯ್ದೆ ಮಾಡಿತು. ಪ್ರೊಬೇಷನ್ ಎಂಬ ಏರ್ಪಾಡು ಹುಟ್ಟಿದ್ದು ಹೀಗೆ.

ನಮ್ಮಲ್ಲಿ ಅದು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಾಗಿ ಬಂತು. ಸಣ್ಣ ಕಳವಿನಂಥ ಮೊದಲ ಅಪರಾಧಕ್ಕೆ ಎಚ್ಚರಿಕೆ ಕೊಟ್ಟು ಬಿಡಬಹುದು ಎನ್ನುತ್ತದೆ ಅದರ 3ನೇ ಕಲಂ. ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಲು 4ನೇ ಕಲಂ. 6ನೇ ಕಲಂ ಮಾತ್ರ ಎರಡು ಸಲ ಓದಬೇಕಾದ್ದು: ಜೀವಾವಧಿ ಶಿಕ್ಷೆಗೆ ಗುರಿಯಾಗುವಂಥ ಭಾರೀ ಅಪರಾಧವಲ್ಲದಿದ್ದರೆ, 21 ವರ್ಷದೊಳಗಿನವರನ್ನು ಜೈಲಿಗೆ ಕಳಿಸಬಾರದು, ಕಳಿಸಲೇಬೇಕೆಂದಾದರೆ ನ್ಯಾಯಾಧೀಶರು ಕಾರಣ ಬರೆಯಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 361ನೇ ಕಲಮಿನಲ್ಲೂ ಇದೇ ಏರ್ಪಾಡಿತ್ತು. ಪ್ರೊಬೇಷನ್ ಕೊಡಬಹುದಾಗಿದ್ದೂ ಕೊಡದಿದ್ದರೆ, ಯಾಕೆ ಕೊಡಲಿಲ್ಲ ಎಂಬ ವಿಶೇಷ ಕಾರಣ ದಾಖಲಾಗಬೇಕು. ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇದನ್ನು 402ನೇ ಕಲಮಿನಲ್ಲಿ ಉಳಿಸಿಕೊಂಡಿದೆ. ಲಂಡನ್ನಿನ ಜ್ಯೂರಿ ಕರುಣೆ ತೋರಲು ಸುಳ್ಳು ಹೇಳಬೇಕಾಗಿತ್ತು. ಇಲ್ಲಿ ಕರುಣೆ ತೋರದವರು ವಿವರಣೆ ಕೊಡಬೇಕು. ಕೆಳಹಂತದ ನ್ಯಾಯಾಲಯಗಳು ಈ ಕಲಂಗಳನ್ನು ಮರೆಯುತ್ತವೆ ಎಂದು ಉನ್ನತ ನ್ಯಾಯಾಲಯಗಳು ಆಗಾಗ ನೆನಪಿಸುತ್ತಲೇ ಇರುತ್ತವೆ, ಅದು ಬೇರೆ ಮಾತು.

ಕಾರಣ ಬರೆಸಿಕೊಳ್ಳುವ ಈ ಹಟ ಯಾಕೆ ಬೇಕು ಎಂಬುದಕ್ಕೆ ಒಂದು ಪ್ರಸಿದ್ಧ ಅಧ್ಯಯನವನ್ನು ತೋರಿಸುವುದುಂಟು. ಇಸ್ರೇಲಿನ ಪೆರೋಲ್ ಮಂಡಳಿಗಳ ಎಂಟು ನ್ಯಾಯಾಧೀಶರು ಕೊಟ್ಟ 1,112 ತೀರ್ಮಾನಗಳನ್ನು ಶಾಯ್ ಡಾನ್ಜಿಗರ್ ಮತ್ತು ಸಂಗಡಿಗರು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದರು. ಕಲಾಪದ ಆರಂಭದಲ್ಲಿ ಶೇ 65ರಷ್ಟು ಕೈದಿಗಳಿಗೆ ಅನುಕೂಲವಾದ ತೀರ್ಮಾನ ಸಿಗುತ್ತಿತ್ತು. ಹೊತ್ತು ಕಳೆದಂತೆ ಅದು ಇಳಿದು ಊಟ-ತಿಂಡಿಯ ವಿರಾಮದ ಮುಂಚೆ ಸೊನ್ನೆಯ ಹತ್ತಿರಕ್ಕೆ ಬರುತ್ತಿತ್ತು. ವಿರಾಮ ಮುಗಿದೊಡನೆ ಮತ್ತೆ ಶೇ 65. ಹೊಟ್ಟೆ ತುಂಬಿದ ನ್ಯಾಯಾಧೀಶ ಉದಾರಿ ಎಂಬ ತಲೆಬರಹ ಜಗತ್ತೆಲ್ಲ ಸುತ್ತಿತು.

ಕಥೆ ಅಷ್ಟು ಸಲೀಸಲ್ಲ. ಅದೇ ವರ್ಷ ಕೆರೆನ್ ವೈನ್‌ಶಾಲ್-ಮಾರ್ಗೆಲ್ ಮತ್ತು ಜಾನ್ ಶಾಪರ್ಡ್ ಎಂಬ ಸಂಶೋಧಕರು, ಪ್ರಕರಣಗಳ ಸರದಿ ಮನಬಂದಂತೆ ಇರಲಿಲ್ಲ ಎಂದು ತೋರಿಸಿದರು. ವಕೀಲರಿಲ್ಲದ ಕೈದಿಗಳ ಅರ್ಜಿ ಪ್ರತಿ ಸುತ್ತಿನ ಕೊನೆಗೆ ಬರುತ್ತಿತ್ತು, ವಕೀಲರಿಲ್ಲದವರ ಅರ್ಜಿ ಹೇಗೂ ಹೆಚ್ಚು ತಿರಸ್ಕೃತವಾಗುತ್ತದೆ. ಒಪ್ಪಿಗೆಯ ಆದೇಶಕ್ಕೆ ಹೊತ್ತು ಹೆಚ್ಚು ಹಿಡಿಯುವುದರಿಂದ ವಿರಾಮದ ಮುಂಚೆ ಅಂಥವನ್ನು ಕೈಗೆತ್ತಿಕೊಳ್ಳುವುದೇ ಕಡಿಮೆ ಎಂದು 2016ರಲ್ಲಿ ಆಂಡ್ರಿಯಾಸ್ ಗ್ಲೋಕ್ನರ್ ಇನ್ನೊಂದು ವಿವರಣೆ ಕೊಟ್ಟರು. ಊಟದ ಡಬ್ಬಿಯನ್ನು ಬದಿಗಿಟ್ಟರೂ ಉಳಿಯುವ ಸಂಗತಿ ಸಣ್ಣದಲ್ಲ: ವಕೀಲರಿಲ್ಲದ ಬಡವನಿಗೆ ಔದಾರ್ಯದ ಪಾಲು ಕಡಿಮೆ.

ದಯೆ, ಕರುಣೆಗಳ ಸೋಂಕೇ ಇಲ್ಲದ ಲೀನಿಯನ್ಸಿಯೂ ಒಂದಿದೆ. ಬೆಲೆ ಏರಿಸಲು ಒಳಗೊಳಗೇ ಒಪ್ಪಂದ ಮಾಡಿಕೊಳ್ಳುವ ಕಂಪನಿಗಳನ್ನು ಹಿಡಿಯುವುದು ಕಷ್ಟ, ಯಾಕೆಂದರೆ ಎಲ್ಲರೂ ಬಾಯಿ ಹೊಲಿದುಕೊಂಡಿರುತ್ತಾರೆ. ಮೊದಲು ಬಂದು ಒಪ್ಪಿಕೊಂಡವರಿಗೆ ಶಿಕ್ಷೆ ಮಾಫಿ ಎಂಬ ಯೋಜನೆಯನ್ನು ಅಮೆರಿಕ 1978ರಲ್ಲಿ ಆರಂಭಿಸಿ 1993ರಲ್ಲಿ ಚುರುಕುಗೊಳಿಸಿತು. ಹೆಸರೇ ‘ಲೀನಿಯನ್ಸಿ ಪ್ರೋಗ್ರಾಂ’. 2016ರಲ್ಲಿ ಯುರೋಪಿನ ಲಾರಿ ತಯಾರಕರು 14 ವರ್ಷಗಳ ಕಾಲ ನಡೆಸಿದ ಬೆಲೆ ಒಳಸಂಚಿಗೆ ಯುರೋಪಿಯನ್ ಕಮಿಷನ್ 293 ಕೋಟಿ ಯುರೋ ದಂಡ ಹಾಕಿದಾಗ, ಗುಟ್ಟು ಬಿಟ್ಟುಕೊಟ್ಟ ಮಾನ್ ಕಂಪನಿ ಒಂದು ಸೆಂಟನ್ನೂ ಕಟ್ಟಲಿಲ್ಲ. ಭಾರತದ ಸ್ಪರ್ಧಾ ಆಯೋಗ 2017ರ ಜನವರಿಯಲ್ಲಿ, ರೈಲ್ವೆಗೆ ಫ್ಯಾನ್ ಪೂರೈಸುವ ಟೆಂಡರಿನ ಒಳಒಪ್ಪಂದದಲ್ಲಿ, ಮಾಹಿತಿ ಕೊಟ್ಟ ಕಂಪನಿಗೆ ದಂಡದಲ್ಲಿ ಶೇ 75 ಕಡಿತ ಕೊಟ್ಟಿತು. ಇಂಥ ರಿಯಾಯಿತಿ ಇಲ್ಲಿ ಅದೇ ಮೊದಲು. ಇಂಥ ಯೋಜನೆಗಳಲ್ಲಿ ಲೀನಿಯನ್ಸಿ ಗಾಳದ ತುದಿಯ ಎರೆಹುಳು. ಮೊದಲು ಬಂದವನಿಗೆ ಎಷ್ಟು ಸಿಗುತ್ತದೆ, ಎರಡನೆಯವನಿಗೆ ಎಷ್ಟು ಎಂಬ ದರಪಟ್ಟಿ ಮುಂಚೆಯೇ ಪ್ರಕಟವಾಗಿರುವುದರಿಂದಲೇ ಅದು ಕೆಲಸ ಮಾಡುತ್ತದೆ.

ಕರ್ನಾಟಕದಲ್ಲಿ ಈ ಪದ ಮನೆಮನೆಯ ಮಾತಾಗುವುದು ಎಸ್ಸೆಸ್ಸೆಲ್ಸಿ ಮೌಲ್ಯಮಾಪನದ ದಿನಗಳಲ್ಲಿ. ‘ಈ ಸಲ ಲೀನಿಯಂಟ್ ಅಂತೆ’ ಎಂಬ ಸುದ್ದಿ ಪ್ರತಿ ಏಪ್ರಿಲ್‌ನಲ್ಲೂ ಹಬ್ಬುತ್ತದೆ. ಕೆಲವು ವರ್ಷ ಸುದ್ದಿ ನಿಜವೂ ಆಗಿದೆ. ಕೋವಿಡ್ ನಡುವೆ 2021ರ ಜುಲೈನಲ್ಲಿ ಎರಡೇ ದಿನ, ಬಹು ಆಯ್ಕೆಯ ಪ್ರಶ್ನೆಗಳ ಪರೀಕ್ಷೆ ನಡೆಯಿತು. ಬರೆದವರೆಲ್ಲ ಪಾಸು ಎಂದು ಸರ್ಕಾರ ಮೊದಲೇ ಹೇಳಿತ್ತು. ಇಡೀ ರಾಜ್ಯದಲ್ಲಿ ಫೇಲಾದದ್ದು ಒಬ್ಬರೇ ವಿದ್ಯಾರ್ಥಿನಿ, ಅದೂ ಆಕೆಯ ಬದಲು ಬೇರೊಬ್ಬರು ಕೂತು ಬರೆದು ಸಿಕ್ಕಿಬಿದ್ದಿದ್ದರಿಂದ.

2024ರದು ಬೇರೆ ಕಥೆ. ಆ ವರ್ಷ ಮೊದಲ ಬಾರಿಗೆ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಕ್ಯಾಮೆರಾ ಕಣ್ಣು ಎಲ್ಲರ ಮೇಲೂ ಬಿತ್ತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಇದೂ ಕೃಪಾಂಕ ಸೇರಿಸಿದ ಮೇಲಿನ ಲೆಕ್ಕ. ಕೃಪಾಂಕಕ್ಕೆ ಅರ್ಹರಾಗಲು ಬೇಕಿದ್ದ ಶೇ 35ನ್ನು 25ಕ್ಕೆ ಇಳಿಸಿ, ಕೊಡುವ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಲಾಗಿತ್ತು. ಪರೀಕ್ಷೆ ಬರೆಯುವಾಗ ಮಕ್ಕಳಿಗಾಗಲಿ ಮೇಷ್ಟ್ರಿಗಾಗಲಿ ಈ ಸಡಿಲಿಕೆ ಗೊತ್ತಿರಲಿಲ್ಲ, ಫಲಿತಾಂಶದ ಜೊತೆಗೇ ಅದು ಹೊರಬಂತು. ಮುಖ್ಯಮಂತ್ರಿ ಸಿದ್ದರಾಮಯ್ಯ ಬಹಿರಂಗವಾಗಿಯೇ ಅಸಮಾಧಾನ ತೋರಿದರು. ಮುಂದಿನ ವರ್ಷ ಆ ಕೃಪಾಂಕ ನಿಂತಿತು, ಮೊದಲ ಪರೀಕ್ಷೆಯ ಫಲಿತಾಂಶ ಶೇ 62.34. ಆಮೇಲೆ ತೇರ್ಗಡೆಯ ಅಂಕವನ್ನೇ ಶೇ 35ರಿಂದ 33ಕ್ಕೆ, ಅಂದರೆ 625ಕ್ಕೆ 206ಕ್ಕೆ, ಇಳಿಸುವ ತೀರ್ಮಾನವಾಯಿತು. ಮಟ್ಟ ಇಳಿಸಿದರೆಂದು ಬೈಯುವವರು ಬೈಯಲಿ. ಕೃಪಾಂಕದ ಹಾಗಲ್ಲದೆ ಇದು ಎಲ್ಲರಿಗೂ ಕಾಣುವಂತೆ, ಪರೀಕ್ಷೆಗೆ ಮುಂಚೆ, ಪುಸ್ತಕದೊಳಗೆ ಬಂದದ್ದು. ಕ್ಯಾಮೆರಾ ಇಲ್ಲದ ವರ್ಷಗಳಲ್ಲಿ ಸಡಿಲಿಕೆ ಎಲ್ಲಿ ವಾಸವಾಗಿತ್ತು ಎಂಬುದನ್ನು ಕೊಠಡಿ ಮೇಲ್ವಿಚಾರಕರೇ ಹೇಳಬೇಕು.

ತಡವಾಗಿ ಬರುವ ಔದಾರ್ಯದ ಇನ್ನೊಂದು ನಮೂನೆ ಬೆಂಗಳೂರಿನ ರಸ್ತೆಗಳಲ್ಲಿದೆ. 2023ರ ಫೆಬ್ರುವರಿಯಲ್ಲಿ, ಕಟ್ಟದೆ ಉಳಿದ ಸಂಚಾರ ದಂಡಕ್ಕೆ ರಾಜ್ಯ ಸರ್ಕಾರ ಶೇ 50 ರಿಯಾಯಿತಿ ಕೊಟ್ಟಿತು. ಗಡುವು 11ನೇ ತಾರೀಖು. ಠಾಣೆ, ಸಂಚಾರ ನಿರ್ವಹಣಾ ಕೇಂದ್ರಗಳ ಮುಂದೆ ಜನ ಸಾಲುಗಟ್ಟಿದರು. ಬೆಂಗಳೂರೊಂದರಲ್ಲೇ ನೂರು ಕೋಟಿ ರೂಪಾಯಿಗೂ ಹೆಚ್ಚು ಜಮೆಯಾಯಿತು. ಬೊಕ್ಕಸದ ದೃಷ್ಟಿಯಿಂದ ಅದು ಭರ್ಜರಿ ಯಶಸ್ಸು. ಹೆಲ್ಮೆಟ್ ಹಾಕದ್ದಕ್ಕೆ 500 ರೂಪಾಯಿಯನ್ನು ನೋಟಿಸ್ ಬಂದ ವಾರವೇ ಕಟ್ಟಿದವರಿಗೆ ಮಾತ್ರ ಅದರಲ್ಲಿ ಏನೂ ಸಿಗಲಿಲ್ಲ; ಎರಡು ವರ್ಷ ತಲೆ ಕೆಡಿಸಿಕೊಳ್ಳದವರು 250ರಲ್ಲಿ ಮುಗಿಸಿದರು. ಇಂಗ್ಲೆಂಡಿನ ನಗರಪಾಲಿಕೆಗಳು ತಪ್ಪು ಜಾಗದಲ್ಲಿ ಕಾರು ನಿಲ್ಲಿಸಿದವರಿಗೆ ಕೊಡುವ ಚೀಟಿಯಲ್ಲೂ ಶೇ 50 ರಿಯಾಯಿತಿ ಇರುತ್ತದೆ, ಆದರೆ ಅದು 14 ದಿನದೊಳಗೆ ಕಟ್ಟಿದವರಿಗೆ. ತಡ ಮಾಡಿದರೆ ಪೂರ್ತಿ. ಬೆಂಗಳೂರಿನಲ್ಲಿ ಕೂಡಲೇ ಕಟ್ಟಿದವರಿಗೆ ಪೂರ್ತಿ, ತಡ ಮಾಡಿದವರಿಗೆ ಅರ್ಧ. ಅದೇ ವರ್ಷ ರಿಯಾಯಿತಿ ಮತ್ತೆ ಬಂತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಇನ್ನೊಮ್ಮೆ ಬಂತು.